ಬರಬೇಡ ಎಂದವನು ನಾನು

ನಮ್ಮ ಆಸ್ಪತ್ರೆಯ ತುರ್ತು ಚಿಕಿತ್ಸಾ ಘಟಕದಲ್ಲಿ ಕೆಲವರಿಗೆ ನಾವು ಖಾಯಂ ಗಿರಾಕಿಗಳು ಎಂದು ಹೆಸರಿಟ್ಟಿದ್ದೆವು. ಅವರ ಎದುರಿಗೆ ಹಾಗೆ ಕರೆಯುತ್ತಿರಲಿಲ್ಲ, ಬೆನ್ನ ಹಿಂದೆ ಕರೆಯುತ್ತಿದ್ದೆವು. ಎದೆ ಹಿಡಿದುಕೊಂಡು ಬರುವವರು, ತಲೆ ಸುತ್ತಿತು ಎನ್ನುವವರು, ಕೈಕಾಲು ಜುಮುಜುಮು ಎನ್ನುತ್ತವೆ ಎಂದು ಅಳುವವರು. ಇಸಿಜಿ ತೆಗೆದರೆ ಸರಿ ಇರುತ್ತಿತ್ತು. ರಕ್ತ ನೋಡಿದರೂ ಸರಿ. ಒಂದು ಬಾಟಲಿ ಗ್ಲುಕೋಸ್ ಇಳಿಯುವಷ್ಟರಲ್ಲಿ ಎದ್ದು ಕುಳಿತು ನರ್ಸ್ ಜೊತೆ ಊರ ಸುದ್ದಿ ಮಾತಾಡುತ್ತಿದ್ದರು. ಮುಂದಿನ ವಾರ ಮತ್ತೆ ಹಾಜರು. ಆ ಗಿರಾಕಿಗಳಲ್ಲಿ ಒಬ್ಬಳು ನನ್ನ ಸ್ವಂತ ಅಕ್ಕ.

ಆಸ್ಪತ್ರೆ ಇರುವುದು ಹಾವೇರಿಯಲ್ಲಿ. ಒಂದು ಟ್ರಸ್ಟಿನದು, ಹೆಸರು ಬೇಡ. ನಾನು ಅಲ್ಲಿ ಸ್ಟ್ರೆಚರ್ ನೂಕುವ ಕೆಲಸಕ್ಕಿದ್ದೆ. ಓದಿದ್ದು ಏಳನೆಯ ಇಯತ್ತೆಯವರೆಗೆ. ನನ್ನ ಮನೆ ರಾಣೆಬೆನ್ನೂರಿನಲ್ಲಿ, ಅಕ್ಕನ ಮನೆ ಬ್ಯಾಡಗಿಯಲ್ಲಿ. ಅಕ್ಕ ಮತ್ತು ಅವಳ ಗಂಡ ಬಹಳ ವರ್ಷ ಹಿಟ್ಟಿನ ಗಿರಣಿ ನಡೆಸಿದರು. ಅವರಿಗೆ ಮಕ್ಕಳಿಲ್ಲ. ನನ್ನ ಮಗಳು ಹುಟ್ಟಿದಾಗ ನನ್ನ ಹೆಂಡತಿ ಹಾಸಿಗೆ ಹಿಡಿದಳು. ಆಗ ಕೂಸನ್ನು ಎತ್ತಿಕೊಂಡು ಹೋಗಿ, ಶಾಲೆಗೆ ಹಾಕುವ ವಯಸ್ಸಿನ ತನಕ ಸಾಕಿದವಳು ಅಕ್ಕ. ಗಂಡ ತೀರಿಕೊಂಡ ಮೇಲೆ ಗಿರಣಿಯ ಯಂತ್ರ ಮಾರಿದಳು. ಹಗಲೆಲ್ಲ ಬೆಲ್ಟಿನ ಸದ್ದಿನಲ್ಲಿ, ಸರದಿಗೆ ನಿಂತ ಹೆಂಗಸರ ಮಾತಿನಲ್ಲಿ ಬದುಕಿದವಳಿಗೆ ಮನೆ ಒಮ್ಮೆಲೇ ಸುಮ್ಮನಾಯಿತು. ಮುಸ್ಸಂಜೆ ದೀಪ ಹಚ್ಚುವ ಹೊತ್ತಿಗೆ ಅವಳಿಗೆ ಉಸಿರು ಕಟ್ಟಲು ಶುರುವಾದದ್ದು ಆಗಲೇ.

ನೆರೆಯವರು ಆಂಬುಲೆನ್ಸಿಗೆ ಫೋನು ಮಾಡುತ್ತಿದ್ದರು. ಅವಳು ಹಾವೇರಿಗೇ ಬರಬೇಕೆಂದು ಹಟ ಹಿಡಿಯುತ್ತಿದ್ದಳು. ಇಳಿಯುವಾಗಲೇ ಎಲ್ಲರಿಗೂ ಕೇಳುವ ಹಾಗೆ "ನನ್ನ ತಮ್ಮ ಇಲ್ಲೇ ಅದಾನ" ಎನ್ನುತ್ತಿದ್ದಳು. ಬೆರಳಿಗೆ ಕ್ಲಿಪ್ ಹಚ್ಚಿದರೆ ಆಮ್ಲಜನಕದ ಅಂಕಿ ಚೆನ್ನಾಗಿಯೇ ಇರುತ್ತಿತ್ತು. ಒಂದು ತಾಸಿನಲ್ಲಿ ಆರಾಮಾಗಿ, ನೀನು ಉಂಡೆಯೇನು ಎಂದು ನನ್ನನ್ನೇ ಕೇಳುತ್ತಿದ್ದಳು. ನನಗೆ ಭೂಮಿಗೆ ಇಳಿದು ಹೋದಂತೆ ಆಗುತ್ತಿತ್ತು.

ಹೀಗಿರುವಾಗ ನಮ್ಮ ಘಟಕಕ್ಕೆ ಹೊಸ ಡಾಕ್ಟರ್ ಮೇಡಂ ಬಂದರು. ಪದೇ ಪದೇ ಬರುವವರನ್ನು ಅವರು ಬೈಯಲಿಲ್ಲ. ಗ್ಲುಕೋಸ್ ಮುಗಿದ ಮೇಲೆ ಪಕ್ಕದ ಕೋಣೆಗೆ ಕರೆದು, ನಿನ್ನೆ ಬೆಳಿಗ್ಗೆ ಎದ್ದಾಗಿನಿಂದ ಏನೇನು ಮಾಡಿದಿರಿ, ಯಾರ ಜೊತೆ ಮಾತಾಡಿದಿರಿ ಎಂದು ಕೇಳುತ್ತಿದ್ದರು. ಬಹಳ ಜನಕ್ಕೆ ಎರಡನೆಯ ಪ್ರಶ್ನೆಗೆ ಉತ್ತರ ಇರುತ್ತಿರಲಿಲ್ಲ. ಅಂಥವರಿಗೆ ಮೇಡಂ ಮಾತ್ರೆಯ ಜೊತೆಗೆ ಜನರನ್ನೂ ಬರೆದುಕೊಡಲು ಶುರು ಮಾಡಿದರು. ಒಬ್ಬರಿಗೆ ಭಜನಾ ಮಂಡಳಿ, ಒಬ್ಬರಿಗೆ ಸ್ತ್ರೀಶಕ್ತಿ ಸಂಘ, ಒಬ್ಬರಿಗೆ ಬೆಳಗಿನ ವಾಕಿಂಗ್ ಗುಂಪು. ಬರೆದುಕೊಟ್ಟರೆ ಅವರು ತಾವಾಗಿ ಹೋಗುವುದಿಲ್ಲವಲ್ಲ, ಆದ್ದರಿಂದ ಜೊತೆಗಾರರು ಬೇಕಾಯಿತು. ಮೊದಲು ಅಂಗನವಾಡಿಯಲ್ಲಿದ್ದ ಒಬ್ಬ ಹೆಣ್ಣುಮಗಳನ್ನೂ ನನ್ನನ್ನೂ ಆ ಕೆಲಸಕ್ಕೆ ಹಾಕಿದರು.

ಕೆಲಸದ ರೀತಿ ಹೀಗಿತ್ತು. ಮೊದಲ ಸಲ ರೋಗಿಯ ಜೊತೆ ಹೋಗಿ ಕೊನೆಯ ತನಕ ಕೂರಬೇಕು. ಎರಡನೆಯ ಸಲ ಬಾಗಿಲ ತನಕ ಬಿಟ್ಟು ಬರಬೇಕು. ಆಮೇಲೆ ಫೋನು ಮಾಡಿ ಕೇಳಬೇಕು. ಹೊಂದದಿದ್ದರೆ ಬೇರೆ ಹುಡುಕಬೇಕು. ಸಂಬಂಧಿಕರ ಪ್ರಕರಣವನ್ನು ನಾವು ನೋಡಬಾರದು. ಇದಲ್ಲದೆ ಮೇಡಂ ಎರಡು ಮಾತನ್ನು ಮತ್ತೆ ಮತ್ತೆ ಹೇಳುತ್ತಿದ್ದರು.

"ಆಸ್ಪತ್ರಿಗೆ ಬರಬ್ಯಾಡ್ರಿ ಅಂತ ಯಾರಿಗೂ ಹೇಳೂದಿಲ್ಲ. ಬರೂದು ಕಡಿಮಿ ಆದ್ರ ಆಗಲಿ, ಬಿಟ್ರ ಬಿಡಲಿ. ಇನ್ನ, ಯಾರದರ ತಕರಾರು ಬದಲಾತು ಅಂದ್ರ, ಅಂವಾ ಹಳೇ ಗಿರಾಕಿ ಅಲ್ಲ. ಹೊಸಾ ಪೇಶಂಟ್ ಅಂತ ತಿಳಕೊಂಡು ಕರಕೊಂಡು ಬರ್ರಿ."

ನಾನು ಹೂಂ ಎಂದು ತಲೆ ಆಡಿಸಿದ್ದೆ.

ನನ್ನ ಪಾಲಿಗೆ ಮೊದಲು ಬಂದವರು ರಾಣೆಬೆನ್ನೂರಿನ ಒಬ್ಬ ನಿವೃತ್ತ ಬಸ್ ಕಂಡಕ್ಟರ್. ಹೆಂಡತಿ ಇಲ್ಲದ ಮನುಷ್ಯ, ಭಾನುವಾರ ಬಂತೆಂದರೆ ಎದೆ ಉರಿ. ಅವರನ್ನು ಭಜನಾ ಮಂಡಳಿಗೆ ಕರೆದುಕೊಂಡು ಹೋದೆ. ಅರ್ಧಕ್ಕೇ ಎದ್ದು ಬಂದು, ಇವರ ರಾಗ ಕೇಳಿದರೆ ಇದ್ದ ಎದೆಯೂ ನಿಲ್ಲುತ್ತದೆ ಎಂದರು. ವಾಕಿಂಗ್ ಗುಂಪಿನಲ್ಲಿ ಯಾರೊಂದಿಗೋ ಜಗಳ ಮಾಡಿಕೊಂಡರು. ಬೇಸತ್ತು ಒಂದು ದಿನ ಬಸ್ ನಿಲ್ದಾಣದಲ್ಲಿ ಕುಳಿತು ಚಹಾ ಕುಡಿಯುವಾಗ, ಒಬ್ಬ ಮುದುಕಿ ಬಂದು ಐರಣಿ ಬಸ್ಸು ಎಲ್ಲಿ ನಿಲ್ಲುತ್ತದೆ ಎಂದು ಕೇಳಿದಳು. ಕಂಡಕ್ಟರ್ ಎದ್ದವರು ಅವಳ ಚೀಲ ಎತ್ತಿಕೊಂಡು, ಬಸ್ಸಿಗೆ ಹತ್ತಿಸಿ, ಡ್ರೈವರನಿಗೆ ನಾಲ್ಕು ಮಾತು ಬೈದು ಬಂದರು. ಅವರ ಮುಖದಲ್ಲಿ ನೆತ್ತರು ಆಡುತ್ತಿತ್ತು. ಮೇಡಂಗೆ ಹೇಳಿದೆ. ಅವರು ನಿಲ್ದಾಣದ ಅಧಿಕಾರಿಯೊಡನೆ ಮಾತಾಡಿ ಅಲ್ಲೇ ಒಂದು ಕುರ್ಚಿ ಹಾಕಿಸಿದರು. ಆಮೇಲೆ ಕಂಡಕ್ಟರ್ ಎಲ್ಲರಿಗೂ ಹೇಳಿಕೊಂಡು ತಿರುಗಿದರು: "ನನಗ ಡಾಕ್ಟರು ಬಸ್ ಸ್ಟ್ಯಾಂಡ ಬರದುಕೊಟ್ಟಾರ."

ಇದರಿಂದ ನನಗೆ ಧೈರ್ಯ ಬಂತು. ಸ್ವಲ್ಪ ಸೊಕ್ಕೂ ಬಂತು.

ಅಕ್ಕನನ್ನು ನೋಡುವ ಹೊಣೆ ನನ್ನ ಜೊತೆಗಾತಿಯದಾಗಿತ್ತು. ಅವಳು ಬ್ಯಾಡಗಿಗೆ ಒಂದೆರಡು ಸಲ ಹೋಗಿಬಂದಳು. ಅಷ್ಟರಲ್ಲಿ ಅವಳ ಅತ್ತೆ ಬಿದ್ದು ಸೊಂಟ ಮುರಿದುಕೊಂಡರು, ಅವಳು ರಜೆ ಹಾಕಿದಳು. ಅವಳು ಬರುವವರೆಗೆ ನಾನೇ ನೋಡಿಕೊಳ್ಳುತ್ತೇನೆ ಎಂದೆ. ಮೇಡಂ ಹಿಂದೆ ಮುಂದೆ ನೋಡಿದರು. ನಮ್ಮ ಮನೆಯವರ ವಿಷಯದಲ್ಲಿ ನಮಗೆ ಸಿಟ್ಟೂ ಹೆಚ್ಚು, ಸಲಿಗೆಯೂ ಹೆಚ್ಚು ಎಂದರು. ಬೇರೆಯವರಿಗೆ ಹೇಳದ್ದನ್ನು ನನಗೆ ಹೇಳುತ್ತಾಳೆ ಎಂದು ನಾನು ಒಪ್ಪಿಸಿದೆ.

ಅಕ್ಕನಿಗೆ ಬೇಕಾದದ್ದು ಗಿರಣಿಯ ಮುಂದಿನಂಥ ಹೆಂಗಸರ ಗದ್ದಲ. ಬ್ಯಾಡಗಿಯಲ್ಲಿ ಅದಕ್ಕೇನು ಕೊರತೆ? ಹಂಗಾಮಿನಲ್ಲಿ ಗೋದಾಮು ಗೋದಾಮಿನಲ್ಲಿ ಹೆಂಗಸರು ಒಟ್ಟಾಗಿ ಕುಳಿತು ಮೆಣಸಿನಕಾಯಿ ತುಂಬು ಬಿಡಿಸುತ್ತಾರೆ. ತುಂಬು ಎಂದರೆ ಕಾಯಿಯ ತೊಟ್ಟು. ಕೈ ಕಾಯಿಯ ಮೇಲೆ, ಬಾಯಿ ಊರ ಮೇಲೆ. ಅಕ್ಕನ ಓಣಿಯ ಹತ್ತಿರದ ಒಂದು ಗೋದಾಮಿನಲ್ಲಿ ಅಂಥ ಒಂದು ಗುಂಪಿತ್ತು. ಗುಂಪಿನ ಹಿರಿಯಳು ಒಬ್ಬ ಮುಸ್ಲಿಂ ಹೆಂಗಸು, ಎಲ್ಲರೂ ಖಾಲಾ ಎನ್ನುತ್ತಿದ್ದರು. ಬಾಯಿ ಜೋರು, ಕರುಳು ಮೆತ್ತಗೆ. ನಿಮ್ಮಕ್ಕನ ಗಿರಣಿಯ ಹಿಟ್ಟು ತಿಂದೇ ನಮ್ಮ ಮಕ್ಕಳು ದೊಡ್ಡವಾದದ್ದು, ಕರೆದುಕೊಂಡು ಬಾ ಎಂದಳು.

ಮೇಡಂ ಒಂದೇ ಮಾತು ಕೇಳಿದರು. "ಉಸರಿನ ತಕರಾರು ಇದ್ದಾಕಿ. ಅಲ್ಲಿ ಘಾಟು ಇರತದಲ್ಲರಿ?"

"ಮಾರಿಗೆ ಅರಿವಿ ಕಟಗೊಂಡು ಕುಂದರತಾರ್ರಿ" ಎಂದೆ.

"ಬಾಗಲ ಕಡೆ ಗಾಳಿಗೆ ಕುಂದರಸ್ರಿ. ಕೆಮ್ಮು ಬಂತಂದ್ರ ಅವತ್ತೇ ಕರಕೊಂಡು ಬರಬೇಕು."

ಅದಕ್ಕೂ ಹೂಂ ಎಂದೆ.

ಅಕ್ಕ ಗೋದಾಮಿಗೆ ಹೊಂದಿಕೊಂಡ ಪರಿ ನೋಡಿ ನನಗೇ ಆಶ್ಚರ್ಯವಾಯಿತು. ಉರಿಯದಿರಲೆಂದು ಕೈಗೆ ಕೊಬ್ಬರಿ ಎಣ್ಣೆ ಸವರಿಕೊಂಡು, ಸೆರಗಿನಿಂದ ಮೂಗು ಬಾಯಿ ಬಿಗಿದು ಕುಳಿತಳೆಂದರೆ ಸಂಜೆಯ ತನಕ ಏಳುತ್ತಿರಲಿಲ್ಲ. ಎಲ್ಲರೂ ಸೀನುತ್ತ, ಕಣ್ಣು ಒರೆಸಿಕೊಳ್ಳುತ್ತ ನಗುತ್ತಿದ್ದರು. ಆದರೂ ಆಸ್ಪತ್ರೆಗೆ ಬರುವುದು ಪೂರ್ತಿ ನಿಲ್ಲಲಿಲ್ಲ. ಸಂಜೆ ಮನೆಗೆ ಹೋಗಿ ದೀಪ ಹಚ್ಚಿದ ಮೇಲೆ ಕೆಲವು ದಿನ ಮತ್ತೆ ಅದೇ ಗಾಬರಿ, ಅದೇ ಆಂಬುಲೆನ್ಸು. ಮೇಡಂ ಸಮಾಧಾನದಿಂದಿದ್ದರು. ನನಗೆ ಸಮಾಧಾನ ಇರಲಿಲ್ಲ. ಮಂದಿಯನ್ನೆಲ್ಲ ಸರಿ ಮಾಡಿದೆ, ಮನೆಯವಳೇ ಸರಿಯಾಗಲಿಲ್ಲ ಎಂದು ಒಳಗೆ ಕುದಿಯುತ್ತಿದ್ದೆ.

ಒಂದು ದಿನ ಅಕ್ಕ ಮಂಚದ ಮೇಲೆ ಆರಾಮಾಗಿ ಕುಳಿತಿದ್ದಾಗ ಮೋಟೆಬೆನ್ನೂರಿನ ಹತ್ತಿರ ಹೈವೇಯಲ್ಲಿ ಆದ ಅಪಘಾತದವರನ್ನು ತಂದರು. ಮಂಚ ಖಾಲಿ ಇರಲಿಲ್ಲ. ಅಕ್ಕನನ್ನು ಎಬ್ಬಿಸಿ ಗೋಡೆಯ ಬದಿಯ ಬೆಂಚಿನ ಮೇಲೆ ಕೂರಿಸಬೇಕಾಯಿತು. ನೆತ್ತರು ಒರೆಸುತ್ತಿದ್ದ ನರ್ಸ್ ತಲೆ ಎತ್ತದೆ ಅಂದರು:

"ನಿಮ್ಮಕ್ಕಗ ಇಲ್ಲೇ ಒಂದು ಖೋಲಿ ಬಾಡಿಗಿ ಹಿಡದು ಕೊಟ್ಟುಬಿಡ್ರಿ. ದಿನಾ ಹೋಗಿ ಬರೂದು ತಪ್ಪತೈತಿ."

ಇಬ್ಬರು ಮೂವರು ನಕ್ಕರು. ಅಕ್ಕನೂ ನಕ್ಕಳು, ತಮಾಷೆ ಎಂದುಕೊಂಡು. ನಾನು ಸ್ಟ್ರೆಚರಿನ ಹಿಡಿಕೆ ಹಿಡಿದು ನಿಂತಿದ್ದೆ, ಕಿವಿ ಕಾದುಹೋಗಿತ್ತು.

ಆ ಭಾನುವಾರ ಅಕ್ಕನನ್ನು ರಾಣೆಬೆನ್ನೂರಿಗೆ ಊಟಕ್ಕೆ ಕರೆದೆ. ಊಟವಾದ ಮೇಲೆ, ಇನ್ನು ಮೇಲೆ ನನ್ನನ್ನು ಕೇಳದೆ ಆಸ್ಪತ್ರೆಗೆ ಬರಬೇಡ ಎಂದೆ. ಅವಳು ಆಯಿತು ಎಂದಳು. ಆಯಿತು ಎನ್ನುವುದು ಅವಳಿಗೆ ರೂಢಿ, ಹಿಂದೆಯೂ ಹಾಗೇ ಅಂದಿದ್ದಳು. ನನ್ನ ಮಗಳು ಒಳಗೆ ಕಾಲೇಜಿನ ಪರೀಕ್ಷೆಗೆ ಓದುತ್ತಿದ್ದಳು. ಅವಳನ್ನು ಹೊರಗೆ ಕರೆದೆ. ಪೆನ್ನು ಕೈಯಲ್ಲೇ ಇತ್ತು. ಅಕ್ಕನ ಕೈ ಹಿಡಿದು ಹುಡುಗಿಯ ತಲೆಯ ಮೇಲೆ ಇಟ್ಟೆ.

"ಇಕಿ ಆಣಿ ಮಾಡು. ನಾ ಹೂಂ ಅನ್ನೂತನಕ ಆಸ್ಪತ್ರಿ ಮೆಟ್ಟಲಾ ಹತ್ತೂದಿಲ್ಲಂತ."

ಮಗಳು, ಅಪ್ಪಾ ಇದೇನು ಎಂದಳು. ನೀನು ಸುಮ್ಮನಿರು ಎಂದೆ. ಅಕ್ಕನ ಮುಖ ಸುಣ್ಣದ ಗೋಡೆಯ ಹಾಗಾಯಿತು. ಕೈ ಹಿಂದಕ್ಕೆ ಎಳೆದುಕೊಳ್ಳಲು ನೋಡಿದಳು. ನಾನು ಬಿಡಲಿಲ್ಲ. ನಮ್ಮ ಕಡೆ ದೊಡ್ಡವರು ದೇವರ ಆಣೆಯನ್ನಾದರೂ ಮುರಿದಾರು, ಮಕ್ಕಳ ತಲೆಯ ಆಣೆ ಮುರಿಯುವುದಿಲ್ಲ. ಅದು ನನಗೆ ಗೊತ್ತಿತ್ತು. ಗೊತ್ತಿದ್ದೇ ಹಿಡಿದದ್ದು. ಅವಳು ಕೆಳದನಿಯಲ್ಲಿ ಆಣೆ ಮಾಡಿದಳು.

ಅಂದಿನಿಂದ ಅಕ್ಕ ಆಸ್ಪತ್ರೆಗೆ ಬರಲಿಲ್ಲ.

ತಿಂಗಳ ಸಭೆಯಲ್ಲಿ ಮೇಡಂ ನನ್ನ ಕೆಲಸ ಹೊಗಳಿದರು. ವಾರಕ್ಕೆ ಎರಡು ಸಲ ಬರುತ್ತಿದ್ದವರು ಒಮ್ಮೆಯೂ ಬಂದಿಲ್ಲ ಎಂದರು. ಟ್ರಸ್ಟಿನ ಹಿರಿಯರು ಎದ್ದು ನನಗೆ ಶಾಲು ಹೊದಿಸಿದರು. ಚಪ್ಪಾಳೆ ಆಯಿತು. ಗುಟ್ಟು ಏನು ಎಂದು ಯಾರೋ ಕೇಳಿದರು. ಹೆಣ್ಣುಮಕ್ಕಳ ಸಂಗಾತ ಸಿಕ್ಕಿತು, ಅಷ್ಟೇ ಎಂದೆ. ಶಾಲಿನೊಳಗೆ ಬೆನ್ನು ಬೆವರುತ್ತಿತ್ತು. ಆಗಲೇ ಹೇಳಬಹುದಿತ್ತು. ಮನೆಗೆ ಹೋಗಿ ಶಾಲನ್ನು ಹೆಂಡತಿಗೆ ತೋರಿಸಿದೆ.

ಬಿಸಿಲು ಏರಿದ ಹಾಗೆ ಹಂಗಾಮೂ ಏರಿತು. ಗೋದಾಮಿನ ಒಳಗೆ ಕೆಂಪು ರಾಶಿ ಛಾವಣಿ ಮುಟ್ಟುವಂತಿತ್ತು. ಅಕ್ಕನಿಗೆ ಫೋನು ಮಾಡಿದರೆ ಕೆಮ್ಮಿನ ನಡುವೆ ಮಾತಾಡುತ್ತಿದ್ದಳು. ಏನು ಎಂದರೆ ಘಾಟು ಎನ್ನುತ್ತಿದ್ದಳು. ಅಲ್ಲಿ ಎಲ್ಲರೂ ಕೆಮ್ಮುವವರೇ. ಇವಳ ಕೆಮ್ಮು ಬೇರೆ ಎಂದು ಯಾರಿಗೆ ಹೊಳೆಯಬೇಕು? ನನಗೆ ಹೊಳೆಯಬೇಕಿತ್ತು. ಒಮ್ಮೆ ಖಾಲಾ ಫೋನಿನಲ್ಲಿ, ನಿನ್ನ ಅಕ್ಕ ಮನೆಗೆ ಹೋಗುವಾಗ ಅಲ್ಲಲ್ಲಿ ಗೋಡೆ ಹಿಡಿದು ನಿಲ್ಲುತ್ತಾಳಪ್ಪ, ಬಂದು ನೋಡು ಎಂದಳು. ಬರುತ್ತೇನೆ ಎಂದೆ. ಹೋಗಲಿಲ್ಲ. ಮೇಡಂ ಹೇಳಿದ ಮಾತು ನೆನಪಿತ್ತು. ಕೆಮ್ಮಿದೆ ಎಂದು ಕರೆತಂದರೆ ಮತ್ತೆ ಎಣಿಕೆ ಶುರುವಾಗುತ್ತದೆ, ಶಾಲು ಹೊದ್ದವನ ಅಕ್ಕ ಮತ್ತೆ ಬಂದಳು ಎನ್ನುತ್ತಾರೆ ಎಂದು ಹಿಂಜರಿದೆ.

ಯುಗಾದಿಗೆ ಅಕ್ಕ ನಮ್ಮ ಮನೆಗೆ ಬಂದಳು. ಸೊರಗಿದ್ದಳು. ಹೋಳಿಗೆಯನ್ನು ಅರ್ಧ ತಿಂದು ತಟ್ಟೆ ಸರಿಸಿದಳು. ಮಗಳು ಒಳಗೆ ಹೋದ ಮೇಲೆ ನನ್ನ ಮುಖ ನೋಡದೆ ಕೇಳಿದಳು.

"ತಮ್ಮಾ, ಆಣಿ ಹಾಕಿದವರು ಅದನ್ನ ಬಿಡಸಾಕ ಬರತೈತಂತ ಹೌದೇನು?"

"ಯಾಕ, ಮತ್ತ ಆಸ್ಪತ್ರಿ ನೆನಪಾತೇನು?" ಎಂದು ನಕ್ಕೆ.

"ಸುಮ್ಮ ಕೇಳಿದ್ನಿ."

ಆಣೆ ಬಿಟ್ಟೆ ಎಂದು ಹೇಳಲು ಒಂದು ಉಸಿರು ಸಾಕಿತ್ತು. ಹಂಗಾಮು ಮುಗಿಯಲಿ ನೋಡೋಣ ಎಂದೆ. ಅವಳು ಮಾತು ಬದಲಿಸಿದಳು. ನನ್ನ ತಪ್ಪು ಯಾವುದು ಎಂದು ಯಾರಾದರೂ ಕೇಳಿದರೆ, ಆಣೆ ಹಾಕಿದ್ದಕ್ಕಿಂತ ಈ ಮಾತನ್ನೇ ಮೊದಲು ಹೇಳುತ್ತೇನೆ. ಹಾಕಿದಾಗ ಸಿಟ್ಟಿತ್ತು. ಇಲ್ಲಿ ಸಿಟ್ಟೂ ಇರಲಿಲ್ಲ.

ಫೋನು ಬಂದದ್ದು ಅದಾದ ಕೆಲವೇ ದಿನಕ್ಕೆ, ಮಧ್ಯಾಹ್ನ. ನಾನು ಕಂಡಕ್ಟರ್ ಜೊತೆ ಬಸ್ ನಿಲ್ದಾಣದಲ್ಲಿದ್ದೆ.

"ತಮ್ಮಾ. ದಮ್ಮು. ಹತ್ತೇತಿ. ಹೋಗಲೇನು?"

ನಾನು ಜೊತೆಗಾರನ ದನಿಯಲ್ಲಿ, ಅಂದರೆ ತರಬೇತಿಯಲ್ಲಿ ಕಲಿತ ದನಿಯಲ್ಲಿ ಹೇಳಿದೆ. "ಗಾಬರಿ ಆಗಬ್ಯಾಡ ಅಕ್ಕಾ. ಕುಂದ್ರು. ಮೂಗಿಲೆ ತಗೋ, ಬಾಯಿಲೆ ಬಿಡು. ಖಾಲಾನ್ನ ಬಾಜೂಕ ಕರಕೋ. ಒಂದ್ಸ್ವಲ್ಪ ತಡದು ನಾನ ಫೋನ್ ಮಾಡತೇನಿ."

"ಹೂಂ" ಎಂದಳು.

ಕಂಡಕ್ಟರ್ ಯಾರು ಎಂದು ಕೇಳಿದರು. ನಮ್ಮಕ್ಕ, ಅದೇ ಹಳೆಯ ಗಾಬರಿ ಎಂದೆ. ಅವರು ಚಹಾದ ಕಪ್ಪು ಕೆಳಗಿಟ್ಟರು.

"ನಾಳೆ ನಾ ಫೋನ್ ಮಾಡಿದ್ರೂ ಹಿಂಗ ಅಂತೀಯೇನು?"

ಆ ಮಾತಿಗೆ ನನಗೆ ಎಚ್ಚರವಾಯಿತು. ಗಾಬರಿಯಾದ ದಿನ ಅಕ್ಕ ತಡೆಯಿಲ್ಲದೆ ಮಾತಾಡುತ್ತಿದ್ದಳು, ಅವಳನ್ನು ನಿಲ್ಲಿಸುವುದೇ ಕಷ್ಟವಾಗುತ್ತಿತ್ತು. ಇಂದು ಒಂದೊಂದೇ ಮಾತಿಗೆ ಉಸಿರು ತೆಗೆದುಕೊಂಡಿದ್ದಳು. ಒಂದೇ ಉಸಿರಿನಲ್ಲಿ ಒಂದು ವಾಕ್ಯ ಮುಗಿಸಲಾರದವರನ್ನು ಸರದಿಯಲ್ಲಿ ನಿಲ್ಲಿಸದೆ ನೇರ ಒಳಗೆ ಒಯ್ಯಬೇಕು. ತುರ್ತು ಘಟಕದಲ್ಲಿ ಸ್ಟ್ರೆಚರ್ ಹಿಡಿದವನಿಗೆ ಮೊದಲು ಕಲಿಸುವ ಪಾಠ ಅದು. ಎಷ್ಟೋ ಜನರನ್ನು ಹಾಗೆ ಓಡಿಸಿಕೊಂಡು ಹೋದವನು ನಾನು. ತಿರುಗಿ ಫೋನು ಹಚ್ಚಿದೆ. ಎತ್ತಲಿಲ್ಲ. ಮತ್ತೆ ಹಚ್ಚುವಷ್ಟರಲ್ಲಿ ಅಕ್ಕನ ನಂಬರಿನಿಂದಲೇ ಖಾಲಾ ಮಾತಾಡಿದಳು.

"ನಾವೆಲ್ಲಾ ಗಾಡಿ ತರಸೇವಿ. ನಿಮ್ಮಕ್ಕ ಒಲ್ಲೆ ಅಂತ ಕಂಬಾ ಹಿಡಕೊಂಡಾಳ. ಹುಡುಗಿ ತಲಿ ಮ್ಯಾಲ ಆಣಿ ಐತಂತ. ತುಟಿ ನೀಲಿ ಆಗ್ಯಾವೋ. ಎಂಥಾ ಆಣಿ ಹಾಕೀಯಪ್ಪಾ ನೀ?"

"ಫೋನ್ ಆಕಿ ಕಿವಿಗೆ ಹಿಡೀರಿ" ಎಂದೆ. "ಅಕ್ಕಾ, ಆಣಿ ಬಿಟ್ಟೇನಿ. ಬಿಟ್ಟೇನಿ ಅಕ್ಕಾ. ಹೋಗು."

ಆ ಕಡೆ ಹೆಂಗಸರ ಕೂಗು, ಎತ್ತುವ ಸದ್ದು. ಅಕ್ಕನ ದನಿ ಕೇಳಲಿಲ್ಲ.

ಮೆಣಸಿನಕಾಯಿ ಚೀಲ ಹೇರುವ ಟಂಟಂನಲ್ಲಿ ಅವಳನ್ನು ಮಲಗಿಸಿಕೊಂಡು ಬ್ಯಾಡಗಿಯ ಆಸ್ಪತ್ರೆಗೆ ಒಯ್ದರು. ಅಲ್ಲಿಯವರು ಆಮ್ಲಜನಕ ಹಚ್ಚಿ, ಇಂಜೆಕ್ಷನ್ ಕೊಟ್ಟು, ಆಂಬುಲೆನ್ಸಿನಲ್ಲಿ ಹಾವೇರಿಗೆ ಕಳಿಸಿದರು. ನಾನು ಬಸ್ಸಿನಲ್ಲಿ ಹೋಗಿ ಮೊದಲೇ ತಲುಪಿ, ಸ್ಟ್ರೆಚರ್ ತೆಗೆದುಕೊಂಡು ಬಾಗಿಲಲ್ಲಿ ನಿಂತೆ. ಇಳಿಸಿದಾಗ ಅವಳ ಕಣ್ಣು ಅರ್ಧ ತೆರೆದಿದ್ದವು, ನನ್ನ ಗುರುತು ಹತ್ತಲಿಲ್ಲ. ಸೀರೆಯಿಂದ ಬಂದ ಘಾಟಿಗೆ ಬಾಗಿಲಲ್ಲಿದ್ದವರೆಲ್ಲ ಸೀನಿದರು. ಬೆರಳಿನ ಕ್ಲಿಪ್ ತೋರಿಸಿದಷ್ಟು ಕೆಳಗಿನ ಅಂಕಿಯನ್ನು ನಾನು ಅವಳ ಕೈಯಲ್ಲಿ ಎಂದೂ ನೋಡಿರಲಿಲ್ಲ. ಗಂಟಲಿಗೆ ಕೊಳವೆ ಇಳಿಸಿ ಯಂತ್ರಕ್ಕೆ ಹಚ್ಚಿದರು. ಬಾಡಿಗೆ ಖೋಲಿಯ ಮಾತಾಡಿದ್ದ ನರ್ಸೇ ಆ ದಿನ ಅವಳ ತಲೆದಿಂಬಿನ ಬಳಿ ನಿಂತು, ಯಂತ್ರ ಹಚ್ಚುವ ತನಕ ಉಸಿರು ತುಂಬುವ ಗಾಳಿಚೀಲ ಒತ್ತಿದರು. ಅವರ ಕೈ ನಿಲ್ಲಲಿಲ್ಲ.

ಮೇಡಂ ಹೊರಗೆ ಬಂದು ಕೆಮ್ಮು ಯಾವಾಗಿನಿಂದ ಎಂದು ಕೇಳಿದರು. ಅವರು ರೋಗಿಯ ಮನೆಯವನನ್ನು ಕೇಳುತ್ತಿದ್ದರು. ನಾನು ಉತ್ತರ ಹೇಳಲು ಹೋಗಿ ಎಲ್ಲವನ್ನೂ ಹೇಳಿದೆ. ಆಣೆ, ಯುಗಾದಿಯ ಮಾತು, ಖಾಲಾ ಮಾಡಿದ ಫೋನು, ಬಸ್ ನಿಲ್ದಾಣ. ಎಲ್ಲ ಕೇಳಿ ಮೇಡಂ ಅಂದರು:

"ಎಣಿಕಿ ಒಮ್ಮಿಂದೊಮ್ಮಿಲೆ ಸೊನ್ನಿಗೆ ಬಂದಾಗ, ಯಾಕ ಅಂತ ನಾ ಕೇಳಲಿಲ್ಲ. ಅದು ನನ್ನ ತಪ್ಪು. ಉಳದದ್ದು ನಿಮ್ಮದು." ಆಮೇಲೆ ಕೇಳಿದರು. "ಇನ್ನ್ಯಾರಿಗೆ ಬರಬ್ಯಾಡ ಅಂದೀರಿ?"

ಯಾರಿಗೂ ಇಲ್ಲ ಎಂದೆ. ಅವರು ನಂಬಲಿಲ್ಲ. ನಂಬದಿದ್ದದ್ದೇ ಸರಿ. ಮರುದಿನವೇ ರಜೆಯಲ್ಲಿದ್ದ ಜೊತೆಗಾತಿಯನ್ನು ಕರೆಸಿ, ನಾನು ನೋಡಿಕೊಂಡ ಪ್ರತಿಯೊಂದು ಮನೆಗೂ ಕಳಿಸಿ, ಬೇಕೆನಿಸಿದಾಗ ಬನ್ನಿ, ಯಾರನ್ನೂ ಕೇಳಬೇಕಿಲ್ಲ ಎಂದು ಹೇಳಿಸಿದರು. ನನ್ನನ್ನು ಮನೆಗಳ ಕೆಲಸದಿಂದ ತೆಗೆದು ಮತ್ತೆ ಸ್ಟ್ರೆಚರಿಗೆ ಹಾಕಿದರು. ಹೊಸದಾಗಿ ಸೇರುವ ಜೊತೆಗಾರರಿಗೆ ಓದಲಿಕ್ಕೆ ಇದನ್ನೆಲ್ಲ ಬರೆದು ಕೊಡಿ ಎಂದೂ ಹೇಳಿದರು. ಅದಕ್ಕೇ ಬರೆಯುತ್ತಿದ್ದೇನೆ.

ಅಕ್ಕ ಬದುಕಿದಳು. ಎದೆಯ ಚಿತ್ರ ನೋಡಿದ ಡಾಕ್ಟರು, ಗಿರಣಿಯ ಹಿಟ್ಟಿನ ಧೂಳು ವರ್ಷಗಟ್ಟಲೆ ಒಳಗೆ ಹೋಗಿ ಶ್ವಾಸನಾಳ ಮೊದಲೇ ಕೆಟ್ಟಿತ್ತು, ಮೆಣಸಿನಕಾಯಿ ಘಾಟು ಅದನ್ನು ಕೆಣಕಿತು ಎಂದರು. ಹಾಗಾದರೆ ಮೊದಲು ಸಂಜೆ ಸಂಜೆ ಬರುತ್ತಿದ್ದದ್ದು ಎಂದು ಕೇಳಿದೆ. ಕೆಲವು ಸಲ ಗಾಬರಿ ಇರಬಹುದು, ಕೆಲವು ಸಲ ಖರೇ ಉಬ್ಬಸವೇ ಇರಬಹುದು, ಬಂದು ಹೋಗುವ ರೋಗ ಇದು, ಈಗ ಬಿಡಿಸಿ ಹೇಳಲು ಬರುವುದಿಲ್ಲ ಎಂದರು.

ಕೊಳವೆ ತೆಗೆದ ಮೇಲೆ ಅಕ್ಕ ಮೊದಲು ಕೇಳಿದ್ದು, ಕೂಸು ಹೇಗಿದೆ ಎಂದು. ಅವಳಿಗೆ ಹುಡುಗಿ ಇನ್ನೂ ಕೂಸೇ. ಆರಾಮಿದ್ದಾಳೆ ಎಂದೆ. ನಂಬಲಿಲ್ಲ, ಎದುರಿಗೆ ತಂದು ನಿಲ್ಲಿಸಬೇಕಾಯಿತು. ಅಕ್ಕನನ್ನು ರಾಣೆಬೆನ್ನೂರಿಗೆ ನಮ್ಮ ಮನೆಗೇ ಕರೆದುಕೊಂಡು ಬಂದೆವು. ಸ್ವಲ್ಪ ದಿನಕ್ಕೆ ಮಗಳಿಗೆ ಜ್ವರ ಬಂತು. ಊರಿಗೆಲ್ಲ ಬಂದ ಜ್ವರವೇ. ಅಕ್ಕ ಅನ್ನ ಬಿಟ್ಟಳು.

"ಫೋನಿನ್ಯಾಗ ಆಣಿ ಬಿಟ್ಟೇನಿ ಅಂದಿದ್ನಲ್ಲಾ ಅಕ್ಕಾ."

"ನಾ ಕೇಳಿಲ್ಲ ತಮ್ಮಾ. ಕೇಳೂಕಿಂತ ಮೊದಲ ಎತ್ತಿ ಗಾಡಿಗೆ ಹಾಕಿದ್ರು. ಆಣಿ ಮುರದೈತಿ."

ಅಕ್ಕನನ್ನು ಗಳಗನಾಥಕ್ಕೆ ಕರೆದುಕೊಂಡು ಹೋದೆ. ಹೊಳೆಗಳು ಕೂಡುವಲ್ಲಿ ಮೂರು ಸಲ ಮುಳುಗಿಸಿ, ಪೂಜಾರಿಯ ಬಾಯಿಂದ ದೋಷ ಹೋಯಿತು ಎಂದು ಹೇಳಿಸಿದೆ. ಬಸ್ಸಿನಲ್ಲಿ ವಾಪಸು ಬರುವಾಗ ಹುಡುಗಿಗೆ ಫೋನು ಮಾಡಿ ಉಂಡೆಯೇನು ಎಂದು ಕೇಳಿದಳು. ಮತ್ತೆ ಮಾಡಿ ಮಲಗಿದ್ದೆಯೇನು ಎಂದು ಕೇಳಿದಳು.

ಉಬ್ಬಸಕ್ಕೆ ಡಾಕ್ಟರು ಕೊಟ್ಟ ಬಾಯಿಯ ಪಂಪನ್ನು ಎಳೆದುಕೊಳ್ಳುತ್ತಾಳೆ. ತಪಾಸಣೆಗೆ ಮಾತ್ರ ಬರುವುದಿಲ್ಲ. ಒಮ್ಮೆ ಮೆಟ್ಟಿಲು ಹತ್ತಿದ್ದಕ್ಕೆ ಹುಡುಗಿಗೆ ಏನೋ ಕಾದಿದೆ, ಮತ್ತೊಮ್ಮೆ ಹತ್ತಿದರೆ ಅದು ಬೇಗ ಬರುತ್ತದೆ ಎಂದು ಅವಳ ಎದೆಯಲ್ಲಿ ಕುಳಿತುಬಿಟ್ಟಿದೆ. ಕೆಮ್ಮು ಬಂದರೆ ಹಿತ್ತಲಿಗೆ ಹೋಗಿ ಸೆರಗು ಕಚ್ಚಿಕೊಂಡು ಕೆಮ್ಮುತ್ತಾಳೆ. ಮೊದಲು ಏನೂ ಇಲ್ಲದಾಗ ಓಡಿ ಬರುತ್ತಿದ್ದವಳು, ಈಗ ಇದ್ದದ್ದನ್ನು ಮುಚ್ಚಿಡುತ್ತಾಳೆ. ಪಕ್ಕದ ಕೋಣೆಯಲ್ಲಿ ಅವಳ ಉಸಿರಿನ ಸಿಳ್ಳೆ ಕೇಳಿಸದಿದ್ದರೆ ನಾನು ಎದ್ದು ಕೂರುತ್ತೇನೆ, ಕೇಳಿಸಿದರೂ ಎದ್ದು ಕೂರುತ್ತೇನೆ.

ಮೊನ್ನೆ ಬೆಳಿಗ್ಗೆ ಸಿಳ್ಳೆ ಜೋರಾಯಿತು. ಪಂಪು ಎಳೆದುಕೊಂಡರೂ ಇಳಿಯಲಿಲ್ಲ. ಆಟೋ ಕರೆಸಿದೆ. ಅಕ್ಕ ಬಾಗಿಲ ಚೌಕಟ್ಟು ಹಿಡಿದುಕೊಂಡು ತಲೆ ಅಲ್ಲಾಡಿಸಿದಳು. ನಾನು ಕೈ ಮುಗಿದೆ, ಕಾಲು ಹಿಡಿದೆ. ಬೆರಳು ಸಡಿಲಲಿಲ್ಲ. ಮಗಳು ಕಾಲೇಜಿಗೆ ಹೊರಟವಳು ಚೀಲ ಕೆಳಗೆ ಹಾಕಿದಳು.

"ಅತ್ತಿ, ಈ ತಲಿ ಯಾರದು?"

ಅಕ್ಕ ಬಾಯಿ ತೆರೆಯುವ ಮೊದಲೇ ಹುಡುಗಿಯೇ ಅಂದಳು:

"ನಂದು. ಆಣಿ ಇಡಸುವಾಗ ಅಪ್ಪ ನನ್ನ ಕೇಳಲಿಲ್ಲ, ನೀನೂ ಕೇಳಲಿಲ್ಲ. ಬಂದದ್ದು ನನಗ ಬರಲಿ, ನಾ ನೋಡಕೋತೇನಿ. ನೀ ನಡಿ."

ಅವಳು ಅತ್ತೆಯ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ನಾನು ಮುಟ್ಟಲಿಲ್ಲ. ಆಟೋದಲ್ಲಿ ಅತ್ತೆಯನ್ನು ಅವಳೇ ಒತ್ತಿ ಹಿಡಿದುಕೊಂಡು ಕುಳಿತಳು.

ಹಾವೇರಿಯವರೆಗೆ ಹೋಗುವಂತಿರಲಿಲ್ಲ, ರಾಣೆಬೆನ್ನೂರಿನಲ್ಲೇ ಹತ್ತಿರದ ಆಸ್ಪತ್ರೆಗೆ ಹೋದೆವು. ಮುಖಕ್ಕೆ ಮಾಸ್ಕ್ ಹಾಕಿ ಔಷಧಿಯ ಹೊಗೆ ಬಿಟ್ಟರು. ಬೆರಳಿಗೆ ಕ್ಲಿಪ್ ಹಚ್ಚಿದರು. ಆಮ್ಲಜನಕದ ಅಂಕಿ ನಿಧಾನವಾಗಿ ಮೇಲೇರತೊಡಗಿತು. ಸರಿಯಾದ ಹೊತ್ತಿಗೆ ಕರೆತಂದಿರಿ ಎಂದು ಅಲ್ಲಿಯ ಡಾಕ್ಟರು ಹೇಳಿದರು. ಅಕ್ಕ ಅವರ ಮಾತು ಕೇಳಿಸಿಕೊಳ್ಳುತ್ತಿರಲಿಲ್ಲ. ಮಾಸ್ಕಿನ ಮೇಲಿಂದ ಅವಳ ಕಣ್ಣು ಬೆಂಚಿನ ಮೇಲೆ ಕುಳಿತ ಹುಡುಗಿಯ ಮೇಲೆ ನೆಟ್ಟಿತ್ತು. ಹುಡುಗಿ ಮೊಬೈಲ್ ನೋಡುತ್ತಿದ್ದವಳು ಒಮ್ಮೆ ಕೆಮ್ಮಿದಳು. ಒಂದೇ ಸಲ, ಆಟೋದಲ್ಲಿ ಕುಡಿದ ಧೂಳಿರಬೇಕು. ಪರದೆಯ ಮೇಲೆ ಅಕ್ಕನ ನಾಡಿಯ ಅಂಕಿ ಜಿಗಿಯಿತು. ಯಂತ್ರ ಕೂಗತೊಡಗಿತು. ನರ್ಸ್ ಓಡಿ ಬಂದು ಕೊಳವೆ ನೋಡಿದರು, ಕ್ಲಿಪ್ ನೋಡಿದರು. ಎಲ್ಲವೂ ಸರಿಯಾಗಿಯೇ ಇತ್ತು.